ಕಾಮುಕುಂಜಿಯ 450 ಶಿಲ್ಲಿಂಗ್ ಇದ್ದಿಲೊಲೆ: 14 ತಿಂಗಳು ಉರಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಒಲೆ ಬೇಕೇ ಬೇಕು ಅಂತೇನೂ ಇರಲಿಲ್ಲ. ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಗ್ಯಾಸ್ ಇದೆ. ಸಿಲಿಂಡರು ಮುಗಿಯಿತು ಅಂತ ಫೋನು ಮಾಡಿದರೆ ಅರ್ಧ ಗಂಟೆಯೊಳಗೆ ಹುಡುಗನೊಬ್ಬ ಬೈಕಿನ ಹಿಂದೆ ಕಟ್ಟಿಕೊಂಡು ತಂದು ಇಳಿಸುತ್ತಾನೆ. ಇದ್ದಿಲೊಲೆ ಕೊಂಡದ್ದು ಬಾಯಿಚಪಲಕ್ಕೆ. ಕುಣಿಗಲ್ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ಗ್ಯಾಸಿನ ಮೇಲೆ ಸುಟ್ಟರೆ ಸಿಪ್ಪೆ ಕರಕಲಾಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ.

ಅಲ್ಲಿ ರಾಗಿ ಸಿಗುತ್ತದಾ ಅಂತ ಊರಿನಿಂದ ಕೇಳುತ್ತಾರೆ. ಸಿಗುತ್ತದಾ ಅಂದರೇನು, ರಾಗಿಯ ತವರುಮನೆಯೇ ಈ ಕಡೆ. ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದ ಧಾನ್ಯ ಅದು. ಸ್ವಾಹಿಲಿಯಲ್ಲಿ ವಿಂಬಿ ಅನ್ನುತ್ತಾರೆ. ಹೆಚ್ಚಿನವರು ಗಂಜಿ ಕಾಯಿಸಿ ಕುಡಿಯುತ್ತಾರೆ, ಅದು ಉಜಿ. ಪಶ್ಚಿಮ ಕೆನ್ಯಾದ ಕಿಸಿ ಕಡೆಯವರು ನಮ್ಮ ಹಾಗೇ ಮುದ್ದೆ ತೊಳಸುತ್ತಾರೆ. ಸುಕುಮಾ ವಿಕಿ ಅಂತ ಒಂದು ಸೊಪ್ಪು ಎಲ್ಲ ಕಡೆ ಸಿಗುತ್ತದೆ, ಹೆಸರಿನ ಅರ್ಥ 'ವಾರ ದೂಡು'. ಸಂಬಳ ಮುಗಿದ ಮೇಲೆ ವಾರ ದೂಡುವ ಸೊಪ್ಪು. ಅದರಲ್ಲಿ ಬಸ್ಸಾರು ಚೆನ್ನಾಗಿ ಬರುತ್ತದೆ, ಮಾಡಿ ನೋಡಿ. ಇರಲಿ, ಒಲೆಯ ವಿಷಯಕ್ಕೆ ಬರುತ್ತೇನೆ.

ನಾನು ಕೊಂಡದ್ದು ಎರಡು ಒಲೆ. ಮೊದಲನೆಯದನ್ನು ಹವಾನಿಯಂತ್ರಿತ ದೊಡ್ಡ ಅಂಗಡಿಯೊಂದರಲ್ಲಿ 900 ಶಿಲ್ಲಿಂಗ್ ಕೊಟ್ಟು ತಂದೆ. ಒಂದು ಶಿಲ್ಲಿಂಗಿಗೆ ನಮ್ಮ 65 ಪೈಸೆ ಆಸುಪಾಸು ಲೆಕ್ಕ ಹಾಕಿಕೊಳ್ಳಿ. ಹೊಳೆಯುವ ಬೆಳ್ಳಿ ಬಣ್ಣ, ಮೇಲೊಂದು ಸ್ಟಿಕ್ಕರು, ರಟ್ಟಿನ ಪೆಟ್ಟಿಗೆ ಎಲ್ಲ ಇತ್ತು. ಮೊದಲ ದಿನವೇ ಬಣ್ಣ ಸುಟ್ಟು ಮನೆಯೆಲ್ಲ ಕಮಟು ನಾತ. ಮೂರನೇ ವಾರಕ್ಕೆ ಒಳಗಿನ ಮಣ್ಣಿನ ಬಟ್ಟಲು ಬಿರುಕು ಬಿಟ್ಟು ಎರಡು ಹೋಳಾಗಿ, ಕೆಂಡವೆಲ್ಲ ಕೆಳಗಿನ ಬೂದಿಗೂಡಿಗೆ ಬಿತ್ತು. ಮೂವತ್ತು ವರ್ಷ ಟೂಲ್ ರೂಮಿನಲ್ಲಿ ತಗಡು, ಡೈ, ಪಂಚು ಅಂತ ಕೈ ಕಪ್ಪು ಮಾಡಿಕೊಂಡವನು ನಾನು. ಕೊಳ್ಳುವಾಗ ಒಳಗೆ ಬೆರಳಿಟ್ಟು ತಟ್ಟಿ ನೋಡುವ ಬುದ್ಧಿ ಬರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ನಮ್ಮ ಕಾರ್ಖಾನೆ ಇರುವುದು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಹಿಂದಿನ ಗೋಡೆಯಾಚೆಗೇ ಮುಕುರು ಅನ್ನುವ ಕೊಳೆಗೇರಿ. ಕ್ವಾ ಎಂಜೆಂಗಾ, ಕ್ವಾ ರೂಬೆನ್, ವಿವಾಂಡಾನಿ ಅಂತ ಮೂರು ಭಾಗ. ವಿವಾಂಡಾನಿ ಅಂದರೆ 'ಕಾರ್ಖಾನೆಗಳ ಹತ್ತಿರ' ಅಂತಲೇ ಅರ್ಥ. ಹತ್ತಡಿ ಹತ್ತಡಿಯ ತಗಡಿನ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು, ಸುಮಾರು ಒಂದು ಲಕ್ಷ ಕುಟುಂಬ. ಬೆಳಿಗ್ಗೆ ಆರೂವರೆಗೆ ಅಲ್ಲಿಂದ ಹೊರಡುವ ಜನರ ಸಾಲು ನೋಡಬೇಕು, ನಮ್ಮ ಶಿಫ್ಟೆಲ್ಲ ನಡೆಯುವುದು ಅವರಿಂದಲೇ. ಗೇಟಿನ ಎದುರು ಚಪಾತಿ ಮಾಡಿ ಮಾರುವ ಒಬ್ಬ ಹೆಂಗಸು ಇದ್ದಾರೆ. ಇಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು 'ಮಾಮಾ' ಅಂತ. ಮೊದಲ ವರ್ಷ ಪೂರ್ತಿ ನನಗೆ ಒಂಥರಾ ಕಸಿವಿಸಿ, ಎದುರಿಗೆ ಹೆಂಗಸು, ಬಾಯಲ್ಲಿ ಸೋದರಮಾವ. ಈಗ ಅಭ್ಯಾಸವಾಗಿದೆ. ಬರೆಯುವಾಗ ಆಯಮ್ಮ ಅಂತಲೇ ಬರೆಯುತ್ತೇನೆ, ನಮ್ಮೂರ ಮಾತಿನಲ್ಲಿ ಅದೇ ಸರಿ.

ಒಡೆದ ಒಲೆಯ ಫೋಟೋ ತೋರಿಸಿದೆ. ಆಯಮ್ಮ ಚಪಾತಿ ಮಗುಚುತ್ತಲೇ ಒಂದು ಕಣ್ಣಲ್ಲಿ ನೋಡಿ, "ಎಷ್ಟು ಕೊಟ್ಟೆ ಬಾಸ್?" ಅಂದರು. ಸ್ವಾಹಿಲಿಯಲ್ಲಿ ಮರ್ಯಾದೆಗೆ ನೀವು ಅನ್ನುವ ಪದ್ಧತಿ ಇಲ್ಲ, ಎಲ್ಲರೂ ನೀನೇ. 900 ಅಂದೆ. ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ಇಬ್ಬರು ಲೋಡರುಗಳನ್ನು ಕೂಗಿ ಕರೆದು ಅವರಿಗೂ ತೋರಿಸಿದರು. ಮೂವರೂ ಸೇರಿ ನಕ್ಕರು. ಆಮೇಲೆ, "ಮಣ್ಣು ಬೆಂದಿಲ್ಲ ಅದು. ಬಣ್ಣ ಹೊಡೆದಿರೋ ಒಲೆ ಯಾವತ್ತೂ ತಗೋಬೇಡ, ಬಣ್ಣ ಯಾಕೆ ಹೊಡೀತಾರೆ ಹೇಳು? ಕಾಮುಕುಂಜಿಗೆ ಹೋಗು. ಶನಿವಾರ ಬೆಳಿಗ್ಗೆನೇ ಹೋಗು, ಬೋಣಿ ಹೊತ್ತಲ್ಲಿ ಬೆಲೆ ಇಳಿಸ್ತಾರೆ" ಅಂದರು. ಬೋಣಿಗೆ ಅವರು ಬೇರೆ ಮಾತು ಆಡಿದರು, ಅರ್ಥ ಮಾತ್ರ ಅದೇ.

ಹೋದೆ. ಕಾಮುಕುಂಜಿ ಅಂದರೆ ತಗಡು ಕೆಲಸದವರ ಪೇಟೆ, ನಗರದ ನಡುಭಾಗದಿಂದ ಬಹಳ ದೂರವೇನಲ್ಲ. ಲ್ಯಾಂಡೀಸ್ ರಸ್ತೆಯ ಪಕ್ಕ, ಗಿಕೊಂಬಾ ಮಾರುಕಟ್ಟೆಯ ನೆರೆ. ಗಿಕೊಂಬಾ ಅಂದರೆ ಹಳೇ ಬಟ್ಟೆಯ ಸಮುದ್ರ. ಯುರೋಪು ಅಮೆರಿಕದವರು ಉಟ್ಟು ಬಿಟ್ಟದ್ದು ಮೂಟೆಮೂಟೆಯಾಗಿ ಬಂದು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಅದನ್ನು ದಾಟುವಾಗಲೇ ಕಾಮುಕುಂಜಿ ಕಿವಿಗೆ ಬೀಳುತ್ತದೆ. ನೂರಾರು ಸುತ್ತಿಗೆ ಒಟ್ಟಿಗೆ ತಗಡಿನ ಮೇಲೆ ಬೀಳುವ ಸದ್ದು. ಮಾತಾಡಬೇಕಾದರೆ ಒಬ್ಬರ ಕಿವಿಯ ಹತ್ತಿರ ಒಬ್ಬರು ಬಾಯಿ ತರಬೇಕು. ಇಲ್ಲಿ ಕೆಲಸ ಮಾಡುವವರಿಗೆ 'ಜುವಾ ಕಾಲಿ' ಅನ್ನುವ ಹೆಸರು, ಸುಡುಬಿಸಿಲು ಅಂತ ಅರ್ಥ. ತಲೆ ಮೇಲೆ ಸೂರಿಲ್ಲದೆ ಬಿಸಿಲಲ್ಲಿ ಕೂತು ಕೆಲಸ ಮಾಡುತ್ತಿದ್ದರು, ಹಾಗಾಗಿ ಆ ಹೆಸರು. 1980ರ ದಶಕದಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯ್ ಇಲ್ಲಿಗೆ ಬಂದು ನೋಡಿಹೋದ ಮೇಲೆ ಶೆಡ್ಡುಗಳು ಎದ್ದವು. ಈಗ ಅವು ಸಾಲದೆ ಅರ್ಧ ಜನ ಮತ್ತೆ ಬಿಸಿಲಲ್ಲೇ ಇದ್ದಾರೆ.

ಏನೇನು ಮಾಡುತ್ತಾರೆ ಅಂತೀರಿ! ಕೈಗಾಡಿ, ನೀರಿನ ತೊಟ್ಟಿ, ಕೋಳಿಗೆ ಕಾಳು ಹಾಕುವ ತಟ್ಟೆ, ಚಪಾತಿ ಕಾವಲಿ, ಆಲೂಗಡ್ಡೆ ಚಿಪ್ಸ್ ಕರಿಯುವ ಬಾಣಲೆ, ಕರಿದದ್ದನ್ನು ಬಿಸಿಯಾಗಿಡುವ ಗಾಜಿನ ಪೆಟ್ಟಿಗೆ. ಜನವರಿಯಲ್ಲಿ ಶಾಲೆ ಶುರುವಾಗುವಾಗ ಹಾಸ್ಟೆಲ್ ಮಕ್ಕಳ ತಗಡಿನ ಟ್ರಂಕುಗಳ ರಾಶಿ. ನಾನು ಸಿದ್ಧಗಂಗೆಗೆ ಹೊತ್ತುಕೊಂಡು ಹೋದ ಟ್ರಂಕಿನ ಅಣ್ಣತಮ್ಮಂದಿರು, ಚಿಲಕ ಕೂಡ ಅದೇ ಥರ. ಸುಮ್ಮನೆ ಅರ್ಧ ಗಂಟೆ ನಿಂತು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಇಲ್ಲಿ ತಯಾರಾಗುವುದರಲ್ಲಿ ಹೆಚ್ಚಿನ ಪಾಲು ಇನ್ನೊಬ್ಬ ಬಡವ ಅಂಗಡಿ ಇಡಲು ಬೇಕಾದ ಸಾಮಾನು. ಮುಕುರುವಿನ ಚಪಾತಿ, ಅಂಥದೇ ಕೊಳೆಗೇರಿಗಳಾದ ಕಿಬೆರಾದ ಮೀನು, ಮಥಾರೆಯ ಚಿಪ್ಸ್, ಎಲ್ಲದರ ಬಂಡವಾಳ ಇಲ್ಲಿ ಸುತ್ತಿಗೆ ಏಟು ತಿಂದು ಹುಟ್ಟುತ್ತದೆ. 1972ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಂಡ ಕೆನ್ಯಾದ ಬಗ್ಗೆ ಕೊಟ್ಟ ವರದಿಯಿಂದಲೇ 'ಅನೌಪಚಾರಿಕ ವಲಯ' ಅನ್ನುವ ಮಾತು ಜಗತ್ತಿಗೆಲ್ಲ ಹರಡಿತು. ನಮ್ಮಲ್ಲಿ ಅದಕ್ಕೆ ಅಸಂಘಟಿತ ವಲಯ ಅನ್ನುತ್ತೇವೆ. ಕಾಮುಕುಂಜಿಯ ಒಲೆ ಸಾಲಿಗೆ ಬಂದು ನೋಡಿ ಆ ಹೆಸರು ಇಡಬೇಕಿತ್ತು. ಗುಜರಿ ಡ್ರಮ್ಮು ತಂದು ಹಾಕುವವನೊಬ್ಬ, ಅದನ್ನು ಉಳಿಯಲ್ಲಿ ಸೀಳಿ ಚಪ್ಪಟೆ ಮಾಡುವವನೊಬ್ಬ, ಅಚ್ಚು ಇಟ್ಟು ಕತ್ತರಿಸುವವನೊಬ್ಬ, ಸುತ್ತಿ ಅಂಚು ಮಡಚುವವನೊಬ್ಬ, ಕಾಲು ಮತ್ತು ಹಿಡಿಗೆ ರಿವೆಟ್ಟು ಹೊಡೆಯುವವನೊಬ್ಬ. ಮಣ್ಣಿನ ಬಟ್ಟಲು ಬೇರೆ ಕಡೆ ಸುಟ್ಟು ಲಾರಿಯಲ್ಲಿ ಬರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಈ ಶಿಸ್ತು ತರಲು ಜಪಾನಿನಿಂದ ತಜ್ಞರನ್ನು ಕರೆಸಿದ್ದರು.

ನನಗೆ ಒಲೆ ಮಾರಿದ ಫುಂಡಿಗೆ (ಕುಶಲಕರ್ಮಿಗೆಲ್ಲ ಇಲ್ಲಿ ಫುಂಡಿ ಅಂತಲೇ ಹೆಸರು) ಐವತ್ತೈದರ ಮೇಲಾಗಿರಬೇಕು. 600 ಅಂದ. ನಾನು 350 ಅಂದೆ. ಅವನು ಒಲೆಯನ್ನು ಮಗುಚಿ, ಒಳಗಿನ ಬಟ್ಟಲಿಗೆ ಬೆರಳಗಂಟಿನಲ್ಲಿ ತಟ್ಟಿದ. ಠಣ್ ಅಂತು. ಪಕ್ಕದ ಅಗ್ಗದ ಒಲೆಗೆ ತಟ್ಟಿದ. ದಬ್ ಅಂತು. ನಮ್ಮ ಸಂತೆಯಲ್ಲಿ ಅಜ್ಜಿ ಮಡಕೆ ಆರಿಸುತ್ತಿದ್ದದ್ದು ಹೀಗೇ. ಆಮೇಲೆ ನನಗೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ, ಆದರೂ ಅಭ್ಯಾಸಬಲದಿಂದ 450ಕ್ಕೆ ಇಳಿಸಿದೆ. ದುಡ್ಡನ್ನು ಎಂಪೆಸಾದಲ್ಲಿ ಕಳಿಸಿದೆ. ಫೋನಿನಲ್ಲಿ ಹಣ ಕಳಿಸುವ ಈ ಸೇವೆ ಇಲ್ಲಿ ಶುರುವಾದದ್ದು 2007ರಲ್ಲಿ. ಪೆಸಾ ಅಂದರೆ ದುಡ್ಡು, ನಮ್ಮ ಪೈಸೆಯಿಂದಲೇ ಬಂದದ್ದು ಅನ್ನುತ್ತಾರೆ. ಮನೆಗೆ ಹೊತ್ತುಕೊಂಡು ಬರುವಾಗ ಮೆಟ್ಟಿಲ ಹತ್ತಿರ ವಾಚ್‌ಮನ್ ನೋಡಿ, "ಕೊನೆಗೂ ಜಿಕೋ ಸಿಕ್ಕಿತಾ ಬಾಸ್" ಅಂತ ಕಿಸಕ್ಕೆಂದ. ಒಲೆಗೆ ಜಿಕೋ ಅನ್ನುತ್ತಾರೆ, ಆಡುಮಾತಿನಲ್ಲಿ ಹೆಂಡತಿಗೂ ಜಿಕೋ ಅನ್ನುತ್ತಾರೆ. ನನ್ನ ಹೆಂಡತಿಗೆ ಇದನ್ನು ವಿವರಿಸಿ ಹೇಳಿದ್ದು ತಪ್ಪಾಯಿತು.

ಇನ್ನು ಒಲೆ. ಹೊರನೋಟಕ್ಕೆ ನಡು ಸಣ್ಣಗಿರುವ ಡಮರು. ಮೇಲಿನ ಅರ್ಧದಲ್ಲಿ ಸುಟ್ಟ ಮಣ್ಣಿನ ದಪ್ಪ ಬಟ್ಟಲು ಕೂತಿರುತ್ತದೆ, ಅದರ ತಳದಲ್ಲಿ ತೂತುಗಳು. ಇದ್ದಿಲು ಅದರೊಳಗೆ. ಕೆಳಗಿನ ಅರ್ಧ ಬರೀ ತಗಡು, ಬೂದಿ ಬೀಳಲಿಕ್ಕೆ. ಅದಕ್ಕೊಂದು ಪುಟ್ಟ ಬಾಗಿಲು, ತೆಗೆದರೆ ಗಾಳಿ ನುಗ್ಗಿ ಉರಿ ಜೋರು, ಮುಚ್ಚಿದರೆ ಸಣ್ಣಗೆ. ಪಾತ್ರೆ ಕೂರಲು ಮೇಲೆ ಮೂರು ಕೊಂಬು, ಎತ್ತಲು ಎರಡು ಹಿಡಿ, ನಿಲ್ಲಲು ಮೂರು ಕಾಲು. ಇಷ್ಟೇ. ಮಣ್ಣು ಶಾಖವನ್ನು ಒಳಗೇ ಹಿಡಿದಿಡುತ್ತದೆ, ಹೊರಗಿನ ತಗಡು ಒಡೆಯದ ಹಾಗೆ ಕಾಯುತ್ತದೆ. ಹಳೇ ತಗಡಿನ ಒಲೆಯಲ್ಲಿ ಬೆಂಕಿಯ ಅರ್ಧ ಬಿಸಿ ಪಕ್ಕದಲ್ಲಿ ಕೂತವರ ಮೊಣಕಾಲಿಗೇ ಹೋಗುತ್ತಿತ್ತು.

ಆ ಹಳೇ ತಗಡಿನ ಒಲೆಯನ್ನು ಇಲ್ಲಿಗೆ ತಂದವರು ಉಗಾಂಡ ರೈಲು ಹಾಕಲು ಬಂದ ನಮ್ಮ ಇಂಡಿಯಾದ ಕೂಲಿಗಳೇ ಅನ್ನುವ ಮಾತಿದೆ. 1896ರಿಂದ 1901ರವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ಸುಮಾರು 2,500 ಜನ ಇಲ್ಲೇ ಸತ್ತರು. ಚಪಾತಿಯೂ ಹಾಗೇ ಇಂಡಿಯಾದವರ ಜೊತೆ ಬಂದು ಇಲ್ಲಿನದೇ ಆಗಿಹೋಗಿದೆ. ಈಗ ಅದನ್ನು ಯಾರೂ ಇಂಡಿಯಾದ್ದು ಅಂದುಕೊಳ್ಳುವುದಿಲ್ಲ. ಚಾಪೋ (ಚಪಾತಿಗೆ ಆಡುಮಾತಿನ ಹೆಸರು) ಅಂದರೆ ಹಬ್ಬದಡುಗೆ. ಮಣ್ಣಿನ ಬಟ್ಟಲಿನ ಹೊಸ ಒಲೆ ಬಂದದ್ದು 1980ರ ದಶಕದಲ್ಲಿ. 1981ರಲ್ಲಿ ನೈರೋಬಿಯಲ್ಲೇ ವಿಶ್ವಸಂಸ್ಥೆಯ ಹೊಸ ಇಂಧನಗಳ ಸಮ್ಮೇಳನ ನಡೆಯಿತು. ಆಸುಪಾಸಿನ ವರ್ಷಗಳಲ್ಲೇ ಥಾಯ್ಲೆಂಡಿನ ಬಕೆಟ್ ಒಲೆಯನ್ನು ನೋಡಿ ಇಲ್ಲಿಯವರು ತಿದ್ದಲು ಶುರು ಮಾಡಿದರು. ಥಾಯ್ ಒಲೆಯಲ್ಲಿ ಬಕೆಟ್ ಪೂರ್ತಿ ಮಣ್ಣು. ಇಲ್ಲಿ ನಡು ಕಿರಿದು ಮಾಡಿ, ಮೇಲಿನ ಅರ್ಧಕ್ಕೆ ಮಾತ್ರ ಮಣ್ಣು ಕೂರಿಸಿದರು. ತೂಕ ಇಳಿಯಿತು, ಬೆಲೆ ಇಳಿಯಿತು. ಯಾವ ಕಂಪನಿಯೂ ಇದರ ಮೇಲೆ ಹಕ್ಕು ಹಿಡಿದು ಕೂರಲಿಲ್ಲ. ಜುವಾ ಕಾಲಿಗಳು ಒಬ್ಬರನ್ನೊಬ್ಬರು ನೋಡಿ ಕಲಿತು ಊರೂರಿಗೆ ಹರಡಿದರು. ಕಳಪೆ ಮಾಲು ಇಷ್ಟೊಂದು ಇರುವುದಕ್ಕೂ ಅದೇ ಕಾರಣ ಅನ್ನಿ.

ಅದೇ ಹೊತ್ತಿಗೆ ನಮ್ಮ ಕುಣಿಗಲ್ ತಾಲ್ಲೂಕಿನಲ್ಲೂ ಒಲೆಯ ಗಲಾಟೆ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿ, ನಮ್ಮ ಪಕ್ಕದ ಉಂಗ್ರದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಮಾಡಿದ ಅಸ್ತ್ರ ಒಲೆ ನಮ್ಮ ಮನೆಗೂ ಬಂತು. ಮೂರು ಪಾತ್ರೆ ಇಡುವ ಮಣ್ಣೊಲೆ, ಹೊಗೆ ಹೋಗಲು ಸೂರಿನಾಚೆಗೆ ಕೊಳವೆ. ಸೌದೆ ಉಳಿಯಿತು, ಅವ್ವನ ಕಣ್ಣೂ ಉಳಿಯಿತು. ಆದರೆ ಮುದ್ದೆ ತಪ್ಪಲೆಗೆ ಬಾಯಿ ಸಾಲದು ಅಂತ ಅವ್ವ ಎರಡನೇ ವರ್ಷ ಅದರ ಬಾಯಿ ಕೆತ್ತಿ ಅಗಲ ಮಾಡಿದರು, ಆಮೇಲೆ ಅದು ಬರೀ ಒಲೆಯಾಯಿತು. ಕಾಮುಕುಂಜಿಯ ಒಲೆಗೆ ಆ ತಾಪತ್ರಯವಿಲ್ಲ. ದೊಡ್ಡ ತಪ್ಪಲೆ ಬೇಕಾ, ದೊಡ್ಡ ಒಲೆ ತಗೋ, ನಾಲ್ಕೈದು ಅಳತೆಯಲ್ಲಿದೆ.

ಅಳೆದು ನೋಡದೆ ನನಗೆ ಸಮಾಧಾನ ಇರುವುದಿಲ್ಲ. ವಾಚ್‌ಮನ್ ಹತ್ತಿರ ಇದ್ದ ಹಳೇ ತಗಡಿನ ಒಲೆ ಎರವಲು ತಂದು, ಅಡುಗೆಮನೆ ತಕ್ಕಡಿಯಲ್ಲಿ ಇದ್ದಿಲು ತೂಗಿ, ಎರಡರಲ್ಲೂ ರಾತ್ರಿ ನೆನೆಸಿದ ಅರ್ಧ ಕೆಜಿ ರಾಜ್ಮಾ ಬೇಯಿಸಿದೆ. ಹಳೆಯದರಲ್ಲಿ 900 ಗ್ರಾಂ ಇದ್ದಿಲು ಹೋಯಿತು, ಹೊಸದರಲ್ಲಿ 560. ಮೂರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಉಳಿತಾಯ. 30ರಿಂದ 50ರಷ್ಟು ಶೇಕಡಾ ಉಳಿಯುತ್ತದೆ ಅಂತ ಈ ಒಲೆಯ ಬಗ್ಗೆ ಬರೆಯುವವರು ಹೇಳುವುದುಂಟು, ನನ್ನ ಬಾಲ್ಕನಿಯ ಲೆಕ್ಕವೂ ಅದರೊಳಗೇ ಬಿತ್ತು. ಬದನೆಕಾಯಿ ಬಗ್ಗೆ ಕೇಳಬೇಡಿ. ಮೂರು ದೊಡ್ಡ ಕಾಯಿ, ಇಪ್ಪತ್ತು ನಿಮಿಷ, ಸಿಪ್ಪೆ ತಾನೇ ಬಿಟ್ಟುಕೊಂಡಿತು. ರೊಟ್ಟಿ ಕೂಡ. ಅಕ್ಕಿ ರೊಟ್ಟಿಗೆ ಮಾತ್ರ ಉರಿ ಹದಕ್ಕೆ ತರುವುದು ಕಷ್ಟ, ಬಾಗಿಲು ಮುಕ್ಕಾಲು ಮುಚ್ಚಿ ಐದು ನಿಮಿಷ ಕಾಯಬೇಕು.

ನನಗಂತೂ ವಾರಕ್ಕೆ ಒಂದೆರಡು ಸಲದ ಶೋಕಿ. ಈ ಒಲೆಯ ನಿಜವಾದ ಪರೀಕ್ಷೆ ದಿನಕ್ಕೆ ಹತ್ತು ಗಂಟೆ ಅದರ ಮುಂದೆ ಕೂರುವವರದು. ಒಂದು ದಿನ ಮಳೆ, ಗಿರಾಕಿ ಕಡಿಮೆ. ಆಯಮ್ಮನ ಜೊತೆ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಎರಡು ಕೆಜಿಯ ನಾಲ್ಕು ಪ್ಯಾಕೆಟ್ ಮೈದಾ, ತೊಂಬತ್ತು ಚಪಾತಿ. ಒಂದಕ್ಕೆ 20 ಶಿಲ್ಲಿಂಗಿನಂತೆ 1,800. ಹಿಟ್ಟಿಗೆ 720, ಎಣ್ಣೆಗೆ 180, ಉಪ್ಪು ನೀರು ಅಂತ 50. ನೀರು ಅಂದರೆ ಇಪ್ಪತ್ತು ಲೀಟರಿನ ಹಳದಿ ಕ್ಯಾನಿನ ಲೆಕ್ಕ. ಇದ್ದಿಲು ಮೂರು ಡಬ್ಬಿ, 300. ಕೈಗೆ ಉಳಿಯುವುದು 550. ಹಳೇ ತಗಡಿನ ಒಲೆ ಇದ್ದಾಗ ಇದ್ದಿಲು ಐದು ಡಬ್ಬಿ ಬೇಕಿತ್ತಂತೆ. ಅಂದರೆ ಉಳಿಯುತ್ತಿದ್ದದ್ದು 350. ಒಲೆ ಬದಲಿಸಿದ್ದರಿಂದ ದಿನಕ್ಕೆ 200 ಹೆಚ್ಚು. ಒಲೆಯ ಬೆಲೆ ಮೂರು ದಿನದೊಳಗೆ ವಾಪಸ್ಸು. ನಾನು ಕಾರ್ಖಾನೆಗೆ ಕೊಂಡ ಯಾವ ಮೆಷಿನ್ನೂ ಈ ಲೆಕ್ಕ ಕೊಟ್ಟಿಲ್ಲ.

ಇದ್ದಿಲು ಡಬ್ಬಿ ಅಂದೆನಲ್ಲ, ಅದು ಕಸುಕು ಅನ್ನುವ ವನಸ್ಪತಿಯ ಖಾಲಿ ಡಬ್ಬಿ. ಕಸುಕು ಅಂದರೆ ಗಿಣಿ, ಡಬ್ಬಿ ಮೇಲೆ ಗಿಣಿಯ ಚಿತ್ರ. ನಮ್ಮ ಸೇರು ಪಾವಿನ ಹಾಗೆ ಇಲ್ಲಿ ಅದೇ ಅಳತೆ. ಡಬ್ಬಿಯ ತಳ ಒಳಕ್ಕೆ ಬಡಿದು ಅಳತೆ ಕದಿಯುವ ಜಾಣರೂ ಇದ್ದಾರೆ. ಡಬ್ಬಿಗೆ 100. ಅದೇ ಇದ್ದಿಲನ್ನು ಮೂಟೆ ಕೊಂಡರೆ 2,800, ಮೂಟೆಗೆ ನಲವತ್ತು ಡಬ್ಬಿ. ಡಬ್ಬಿಗೆ 70 ಬಿತ್ತು. ಹಾಗಾದರೆ ಮೂಟೆ ಯಾಕೆ ಕೊಳ್ಳಬಾರದು, ದಿನಕ್ಕೆ ಇನ್ನೂ 90 ಉಳಿಯುತ್ತದಲ್ಲ ಅಂತ ಬುದ್ಧಿವಂತನ ಹಾಗೆ ಕೇಳಿದೆ. ಆಯಮ್ಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಎಲ್ಲಿಡಲಿ? ಹಾಸಿಗೆ ಮೇಲಾ?" ಹತ್ತಡಿ ಕೋಣೆಯಲ್ಲಿ ನಾಲ್ಕು ಜನ. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಅರ್ಧ ಮೂಟೆ, ಮಳೆ ಬಂದರೆ ಅದೂ ಇಲ್ಲ. ಅದಕ್ಕೂ ಮೊದಲು, 2,800 ಒಂದೇ ದಿನ ಕೈಯಲ್ಲಿ ಇರಬೇಕಲ್ಲ. ಬೆಳಿಗ್ಗೆಯ ಹಿಟ್ಟನ್ನೇ ಎಷ್ಟೋ ದಿನ ಫುಲಿಜಾದಲ್ಲಿ ಕೊಳ್ಳುತ್ತಾರೆ. 2019ರಲ್ಲಿ ಬಂದ ಎಂಪೆಸಾದ ಕೈಸಾಲ ಅದು, ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಪಾವತಿ ಆಗುತ್ತದೆ. ಮಧ್ಯಾಹ್ನ ಚಪಾತಿ ಮಾರಿದ ದುಡ್ಡು ಫೋನಿಗೆ ಬಂದ ಕೂಡಲೇ ಸಾಲ ತಾನಾಗೇ ಕಡಿದುಕೊಳ್ಳುತ್ತದೆ.

ಇದಕ್ಕಿಂತ ಒಳ್ಳೆಯ ಒಲೆಯೂ ಇದೆ. ನೈರೋಬಿಯ ಹೊರಗಿನ ರುಯಿರುವಿನಲ್ಲಿ ಬರ್ನ್ ಅನ್ನುವ ಕಂಪನಿ ಜಿಕೋಕೋವಾ ಅಂತ ಮಾಡುತ್ತದೆ. ಸ್ಟೀಲು ಚೆನ್ನಾಗಿದೆ, ಫಿನಿಶಿಂಗ್ ಚೆನ್ನಾಗಿದೆ, ಸಹೋದ್ಯೋಗಿಯ ಮನೆಯಲ್ಲಿ ನೋಡಿದ್ದೇನೆ. 2019ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ನೈರೋಬಿಯ ಸುಮಾರು ಸಾವಿರ ಬಡ ಮನೆಗಳಲ್ಲಿ ಪರೀಕ್ಷೆ ಮಾಡಿದರು. ಸಾದಾ ಜಿಕೋ ಉರಿಸುತ್ತಿದ್ದ ಮನೆಗಳಲ್ಲಿ ಇದ್ದಿಲ ಖರ್ಚು ಶೇಕಡಾ 39ರಷ್ಟು ಇಳಿಯಿತು. ಆಗ ಬೆಲೆ 40 ಡಾಲರು ಇತ್ತು. ಜನ ಕೊಡಲು ಒಪ್ಪಿದ್ದು ಸರಾಸರಿ 12 ಡಾಲರು. ಕಂತಿನ ಮೇಲೆ ಕೊಡುತ್ತೇವೆ ಅಂದ ಕಡೆ ಜನ ಎರಡರಷ್ಟು ಕೊಡಲು ಸಿದ್ಧರಾದರು. ಉಳಿತಾಯದ ಲೆಕ್ಕ ಆಯಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಹತ್ತು ಹೆಂಗಸರ ಒಂದು ಚಾಮಾದಲ್ಲಿದ್ದಾರೆ, ನಮ್ಮ ಚೀಟಿಯ ಥರದ್ದು, ಆದರೆ ಕೂಗುವುದಿಲ್ಲ, ಸರದಿ ಪ್ರಕಾರ. ವಾರಕ್ಕೆ 500 ಹಾಕಿದರೆ ಸರದಿ ಬಂದಾಗ 5,000 ಒಟ್ಟಿಗೆ. ಆ ದುಡ್ಡಲ್ಲಿ ಒಳ್ಳೆ ಒಲೆ ಬರುತ್ತಿತ್ತಲ್ಲ ಅಂದೆ. ಒಂದು ಸರದಿಯ ದುಡ್ಡು ಮಗಳ ಶಾಲೆಗೆ ಹೋಯಿತು. ಅದಕ್ಕೆ ಹಿಂದಿನದು ಸೂರಿನ ತಗಡಿಗೆ. 2021ರ ಕೊನೆಯಲ್ಲಿ ರಸ್ತೆಗಾಗಿ ಮುಕುರು ಕ್ವಾ ಎಂಜೆಂಗಾದಲ್ಲಿ ಸಾವಿರಾರು ಮನೆ ಕೆಡವಿದರು, ಅದರಲ್ಲಿ ಆಯಮ್ಮನ ಕೋಣೆಯೂ ಒಂದು. ಬುಲ್ಡೋಜರು ಬಂದ ದಿನ ಒಂದು ಕೈಯಲ್ಲಿ ಒಲೆ, ಇನ್ನೊಂದು ಕೈಯಲ್ಲಿ ಕಾವಲಿ, ಹಿಟ್ಟಿನ ಮೂಟೆ ಮಗಳ ತಲೆ ಮೇಲೆ. ಮೂರನೇ ದಿನ ಗೇಟಿನ ಮುಂದೆ ಚಪಾತಿ ಸಿಗುತ್ತಿತ್ತು ಅಂತ ನಮ್ಮ ಲೋಡರುಗಳು ಹೇಳುತ್ತಾರೆ. ಹಿಡಿ ಗಟ್ಟಿ ಇದೆಯಾ, ಒಂದು ಕೈಯಲ್ಲಿ ಎತ್ತಲು ಬರುತ್ತದಾ ಅನ್ನುವುದನ್ನು ಒಲೆ ಕೊಳ್ಳುವಾಗ ನಾನು ನೋಡಿರಲೇ ಇಲ್ಲ.

ಇನ್ನು ದೂರುಗಳು. ಹಿಡಿ ಕಾಯುತ್ತದೆ, ಬಟ್ಟೆ ಇಲ್ಲದೆ ಮುಟ್ಟಬೇಡಿ. ಬೂದಿಬಾಗಿಲಿನ ಕೀಲು ಬರೀ ಮಡಚಿದ ತಗಡು, ಆರನೇ ತಿಂಗಳಿಗೆ ಸಡಿಲವಾಯಿತು, ನಾನೇ ತಂತಿ ಹಾಕಿ ಕಟ್ಟಿದೆ. ಕಾಲುಗಳ ಎತ್ತರ ಒಂದೇ ಸಮ ಇಲ್ಲ, ತಪ್ಪಲೆ ಒಂದು ಕಡೆ ವಾಲುತ್ತದೆ. ಒಂದು ಕಾಲಿನ ಕೆಳಗೆ ಹೆಂಚಿನ ಚೂರು ಇಟ್ಟಿದ್ದೇನೆ. ಹೊರಗಿನ ತಗಡು ಮಳೆ ನೀರು ಬಿದ್ದ ಕಡೆ ತುಕ್ಕು ಹಿಡಿಯುತ್ತಿದೆ. ಹತ್ತಿಸುವಾಗ ಹತ್ತು ನಿಮಿಷ ವಿಪರೀತ ಹೊಗೆ, ಮೇಲಿನ ಮನೆಯವರು ಎರಡು ಸಲ ಇಣುಕಿದ್ದಾರೆ. 14 ತಿಂಗಳಿಗೆ ಮಣ್ಣಿನ ಬಟ್ಟಲಿನಲ್ಲಿ ಕೂದಲೆಳೆ ಬಿರುಕು ಕಾಣಿಸಿದೆ, ಇನ್ನೂ ಬಿಟ್ಟುಕೊಂಡಿಲ್ಲ. ಬಿಟ್ಟರೆ ಬಟ್ಟಲು ಮಾತ್ರ ಬದಲಿಸಲು ಫುಂಡಿ 150 ಕೇಳಿದ್ದಾನೆ. ಬಿಸಿ ಬಟ್ಟಲಿನ ಮೇಲೆ ನೀರು ಸುರಿದು ಕೆಂಡ ಆರಿಸುವ ಚಾಳಿ ಇದ್ದರೆ ಬಿಡಿ, ಒಡೆಯುವುದೇ ಅದರಿಂದ. ಬಾಗಿಲು ಮುಚ್ಚಿ ಮೇಲೊಂದು ತಟ್ಟೆ ಕವುಚಿದರೆ ತಾನೇ ಆರುತ್ತದೆ, ಉಳಿದ ಇದ್ದಿಲು ನಾಳೆಗೂ ಆಗುತ್ತದೆ.

ಇನ್ನೊಂದನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಇದನ್ನು ಉರಿಸಬೇಡಿ. ಜೂನ್ ಜುಲೈ ಚಳಿಯಲ್ಲಿ ಕಾವಿಗೆ ಅಂತ ಕೋಣೆಯೊಳಗೆ ಇಟ್ಟು ಮಲಗಿ ಎದ್ದೇಳದವರ ಸುದ್ದಿ ಇಲ್ಲಿ ಪ್ರತಿ ವರ್ಷ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಂಡಕ್ಕೆ ಬೂದಿ ಮುಸುಕಿ ಹೊಗೆ ನಿಂತ ಮೇಲೂ ಅದು ಬರುತ್ತಲೇ ಇರುತ್ತದೆ. ನನಗೆ ಬಾಲ್ಕನಿ ಇದೆ. ಹತ್ತಡಿ ಕೋಣೆಯವರು ಮಳೆಯಲ್ಲಿ ಎಲ್ಲಿಗೆ ಹೋಗುತ್ತಾರೆ ಅನ್ನುವುದಕ್ಕೆ ಈ ಒಲೆಯಲ್ಲಿ ಉತ್ತರ ಇಲ್ಲ, ಅದರ ಮಟ್ಟಿಗೆ ಇದು ಕೆಟ್ಟ ಒಲೆಯೇ.

ಕೊಳ್ಳುವುದಾದರೆ ಬೆರಳಗಂಟಿನಲ್ಲಿ ತಟ್ಟಿ, ಠಣ್ ಅನ್ನಬೇಕು. ಬಟ್ಟಲಿನ ಬಣ್ಣ ಒಂದೇ ಸಮ ಇಟ್ಟಿಗೆ ಕೆಂಪಿರಬೇಕು, ನಡುವೆ ಕಪ್ಪು ಮಚ್ಚೆ ಇದ್ದರೆ ಅರೆಬೆಂದದ್ದು. ಬಟ್ಟಲು ಮತ್ತು ತಗಡಿನ ನಡುವೆ ಉಗುರು ತೂರಿದರೆ ಬಿಟ್ಟುಬಿಡಿ. ಹೆಬ್ಬೆರಳಲ್ಲಿ ತಗಡು ಒತ್ತಿ, ತಗ್ಗಿದರೆ ಅದು ಡ್ರಮ್ಮಿನದಲ್ಲ, ತೆಳು ಡಬ್ಬದ್ದು. ಬಣ್ಣ ಹೊಡೆದದ್ದು ಬೇಡ. 450ರಿಂದ 500 ನ್ಯಾಯವಾದ ಬೆಲೆ. ಅದಕ್ಕಿಂತ ಇಳಿಸಿ ಗೆದ್ದೆ ಅಂತ ಬೀಗುವ ನಮ್ಮವರು ಇದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ನಾನೂ 150 ಇಳಿಸಿದವನೇ ಅನ್ನಿ.

ಮೊದಲು ಕೊಂಡ 900ರ ಒಲೆ ಬಾಲ್ಕನಿ ಮೂಲೆಯಲ್ಲಿ ಬಿದ್ದಿತ್ತು. ಗುಜರಿಗೆ ಹಾಕುತ್ತೇನೆ ಅಂದಾಗ ಆಯಮ್ಮ "ತಂದುಕೊಡು" ಅಂದರು. ಕಾಮುಕುಂಜಿಗೆ ಕಳಿಸಿ, ಬೆಂದ ಬಟ್ಟಲು ಹಾಕಿಸಿ, ಹೊಳೆಯುವ ಬಣ್ಣ ಉಜ್ಜಿಸಿ ತೆಗೆಸಿ, ತಮ್ಮ ನಾದಿನಿಗೆ ಕೊಟ್ಟಿದ್ದಾರೆ. ಆ ಹುಡುಗಿ ಈಗ ನಮ್ಮ ಎರಡನೇ ಗೇಟಿನ ಹತ್ತಿರ ಅದರ ಮೇಲೆ ಬಾಣಲೆ ಇಟ್ಟು ಮಂಡಾಜಿ (ಮೈದಾಹಿಟ್ಟಿನ ಉಬ್ಬಿದ ಸಿಹಿ ಬನ್ಸಿನ ಥರದ್ದು) ಕರಿಯುತ್ತಾಳೆ. ಒಂದಕ್ಕೆ 10 ಶಿಲ್ಲಿಂಗ್. ಎಣ್ಣೆ ಸ್ವಲ್ಪ ಜಾಸ್ತಿ ಹೀರಿರುತ್ತದೆ, ಏಲಕ್ಕಿ ಹಾಕಿದ ದಿನ ಚೆನ್ನಾಗಿರುತ್ತದೆ. ಎಂಟು ಗಂಟೆಯೊಳಗೆ ಹೋಗಿ, ಆಮೇಲೆ ಸಿಗುವುದಿಲ್ಲ.